ಟಯರ್ ಮೇಲೆ ಬರೆದಿರೋ ಇತಿಹಾಸ: ಸ್ಟೆಪ್ನಿ ಬೀದಿಯಿಂದ ನಮ್ಮ ಕಾರಿನ ಡಿಕ್ಕಿವರೆಗೆ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇವತ್ತಿನ ವಿಷಯ ಟಯರ್. ನಗಬೇಡಿ. ಈ ಸಂಚಿಕೆ ಮುಗಿಯೋ ಹೊತ್ತಿಗೆ ನೀವು ಕೆಳಗೆ ಪಾರ್ಕಿಂಗ್‌ಗೆ ಹೋಗಿ, ಮೊಬೈಲ್ ಟಾರ್ಚ್ ಹಾಕ್ಕೊಂಡು, ಯಾವುದೋ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿರ್ತೀರ ಅನ್ನೋದು ನನ್ನ ನಂಬಿಕೆ.

ನನಗೆ ಈ ಹುಚ್ಚು ಹಿಡಿದಿದ್ದು ಕುಣಿಗಲ್ ದಾಟಿ ಯಡಿಯೂರಿಗೆ ಮುಂಚೆ. ಸಕಲೇಶಪುರದಲ್ಲಿ ಮದುವೆ. ನಮ್ಮ ಸೋದರಮಾವ ಕಾರು ಓಡಿಸ್ತಿದ್ರು, ನಾನು ಪಕ್ಕದಲ್ಲಿ, ಹಿಂದೆ ಅತ್ತೆ ಮತ್ತೆ ಎರಡು ಸ್ವೀಟ್ ಡಬ್ಬ. ರಾತ್ರಿ ಹತ್ತೂವರೆ ಇರಬೇಕು. ಹಿಂದಿನ ಎಡಗಡೆ ಟಯರ್ ದಬದಬ ಅಂತ ಶುರುವಾಯ್ತು. ಇಳಿದು ನೋಡಿದ್ರೆ ಪೂರ್ತಿ ಕೂತುಬಿಟ್ಟಿದೆ. ಮಾವ ಧೈರ್ಯವಾಗಿ, "ಸ್ಟೆಪ್ನಿ ಇದೆ ಬಿಡೋ, ಹತ್ತು ನಿಮಿಷ" ಅಂದ್ರು.

ಹತ್ತು ನಿಮಿಷ ಮುಕ್ಕಾಲು ಗಂಟೆ ಆಯ್ತು. ಯಾಕಂದ್ರೆ ನಾವು ಮಾಡಬಾರದ ತಪ್ಪನ್ನೆಲ್ಲ ಮಾಡಿದ್ವಿ. ಮೊದಲು ಜಾಕ್ ಕೊಟ್ಟು ಕಾರು ಎತ್ತಿಬಿಟ್ವಿ, ಆಮೇಲೆ ನಟ್ ಬಿಚ್ಚೋಕೆ ಹೋದ್ವಿ. ಸ್ಪ್ಯಾನರ್ ತಿರುಗಿಸಿದ್ರೆ ಚಕ್ರವೂ ಜೊತೆಗೇ ತಿರುಗುತ್ತೆ! ಗಾಳೀಲಿ ನೇತಾಡ್ತಿರೋ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಜೋರಾಗಿ ಎಳೆದಾಗ ಕಾರು ಜಾಕ್ ಮೇಲೆ ಒಂದು ಸಲ ವಾಲಿತು ನೋಡಿ, ಅತ್ತೆ ದೇವರ ಹೆಸರು ಕೂಗಿದ್ದು ಇನ್ನೂ ಕಿವೀಲಿದೆ. ಅಷ್ಟರಲ್ಲಿ ಒಬ್ಬ ಲಾರಿ ಡ್ರೈವರ್ ಗಾಡಿ ಸೈಡಿಗೆ ಹಾಕಿ ಬಂದ. ಮಾತೇ ಆಡಲಿಲ್ಲ. ಜಾಕ್ ಇಳಿಸಿದ. ಹ್ಯಾಂಡ್‌ಬ್ರೇಕ್ ಎಳೆದಿದೆಯಾ ನೋಡಿದ. ರಸ್ತೆ ಪಕ್ಕದಿಂದ ಎರಡು ಕಲ್ಲು ತಂದು ಮುಂದಿನ ಬಲಗಡೆ ಚಕ್ರದ ಹಿಂದೆ ಮುಂದೆ ಇಟ್ಟ. ಚಕ್ರ ನೆಲದ ಮೇಲೆ ಇರುವಾಗಲೇ ಒಂದೊಂದು ನಟ್ಟನ್ನೂ ಅರ್ಧ ಸುತ್ತು ಸಡಿಲ ಮಾಡಿದ. ಆಮೇಲೆ ಜಾಕ್. ಬಿಚ್ಚಿದ ಟಯರನ್ನ ಪಕ್ಕಕ್ಕೆ ಎಸೆಯದೆ ಕಾರಿನ ಅಡಿಗೆ ತಳ್ಳಿದ. ಯಾಕೆ ಅಂತ ಕೇಳಿದ್ದಕ್ಕೆ, "ಜಾಕ್ ಜಾರಿದ್ರೆ ಗಾಡಿ ಟಯರ್ ಮೇಲೆ ಕೂರ್ತದೆ ಸಾರ್, ನಿಮ್ ಕಾಲ್ ಮೇಲಲ್ಲ" ಅಂದ.

ಸ್ಟೆಪ್ನಿ ಹಾಕಿ ನಟ್ಟುಗಳನ್ನ ಸುತ್ತಲೂ ಸಾಲಾಗಿ ಬಿಗಿ ಮಾಡಲಿಲ್ಲ. ಒಂದು ಬಿಗಿ ಮಾಡಿದ್ರೆ ಮುಂದಿನದು ಅದರ ಎದುರಿನದು, ಹೀಗೆ ಅಡ್ಡಡ್ಡವಾಗಿ. ಆಗ ರಿಮ್ ಎಲ್ಲ ಕಡೆ ಸಮವಾಗಿ ಕೂರುತ್ತೆ. ಕಾರು ಕೆಳಗಿಳಿಸಿದ ಮೇಲೆ ಕೊನೇ ಬಿಗಿ. ಎಲ್ಲ ಮುಗಿಸಿ ಕೈ ಒರೆಸಿಕೊಳ್ತಾ ಆ ಮನುಷ್ಯ ಮೊಬೈಲ್ ಟಾರ್ಚನ್ನ ಸ್ಟೆಪ್ನಿಯ ಪಕ್ಕಕ್ಕೆ ಹಿಡಿದ. ಅಲ್ಲೊಂದು ಮೊಟ್ಟೆಯಾಕಾರದ ಗೆರೆ, ಒಳಗೆ ನಾಲ್ಕು ಅಂಕಿ: 1113.

"ಯಜಮಾನ್ರೇ, ಇದರ ವಯಸ್ಸು ನೋಡಿದೀರಾ?" ಅಂತ ಮಾವನ್ನ ಕೇಳಿದ. "ಹದಿಮೂರನೇ ಇಸವಿ ಮಾಲು. ನಲವತ್ತರ ಮೇಲೆ ಓಡಿಸ್ಬೇಡಿ."

ಅದು 2023. ಡಿಕ್ಕಿಯಲ್ಲಿ ಹೊಚ್ಚ ಹೊಸದಾಗಿ ಕಾಣ್ತಿದ್ದ, ಒಂದು ದಿನವೂ ರಸ್ತೆ ಮುಟ್ಟದ ಟಯರಿಗೆ ಹತ್ತು ವರ್ಷ ಆಗಿತ್ತು. ಮಾರನೇ ದಿನ ಪಂಚರ್ ಅಂಗಡಿಯವರು ಅದನ್ನ ಒತ್ತಿ ತೋರಿಸಿದ್ರು. ಪಕ್ಕದ ರಬ್ಬರಿನಲ್ಲಿ ಬೇಸಿಗೆ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು.

ನನ್ನ ತಲೆಗೆ ಎರಡು ಪ್ರಶ್ನೆ ಹೊಕ್ಕಿದ್ದು ಅಲ್ಲಿ. ಒಂದು, ಇದನ್ನ ನಾವೆಲ್ಲ ಸ್ಟೆಪ್ನಿ ಅಂತ ಯಾಕೆ ಕರೀತೀವಿ? ಇನ್ನೊಂದು, ಇಷ್ಟು ಮುಖ್ಯವಾದ ವಿಷಯವನ್ನ ಇಷ್ಟು ಗುಟ್ಟಾಗಿ ಯಾಕೆ ಬರೆದಿದ್ದಾರೆ?

ಹಿಂದಕ್ಕೆ ಹೋಗೋಣ. ಇಂಗ್ಲಿಷಿನಲ್ಲಿ ಟಯರ್ ಅನ್ನೋ ಪದಕ್ಕೆ ಮೊದಲು ರಬ್ಬರಿನ ಸಂಬಂಧವೇ ಇರಲಿಲ್ಲ. ಮರದ ಚಕ್ರದ ಸುತ್ತ ಹಾಕೋ ಕಬ್ಬಿಣದ ಪಟ್ಟಿಗೆ ಆ ಹೆಸರು. ಚಕ್ರಕ್ಕೆ ತೊಡಿಸೋ ಉಡುಪು ಅನ್ನೋ ಅರ್ಥದಿಂದ ಬಂದಿದ್ದು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಪಟ್ಟಿಯನ್ನ ಕೆಂಪಗೆ ಕಾಯಿಸಿ ಹಾಕಿ, ನೀರು ಸುರಿದು ಬಿಗಿ ಮಾಡೋದನ್ನ ನಿಮ್ಮ ಅಜ್ಜ ನೋಡಿರ್ತಾರೆ. ಅದೇ ಅಸಲಿ ಟಯರ್. ಆಮೇಲೆ ರಬ್ಬರ್ ಚಕ್ರದ ಗಾಡಿ ಬಂದಾಗ ನಾವು ಅದನ್ನ 'ಟಯರ್ ಗಾಡಿ' ಅಂದ್ವಿ. ಪದ ಒಂದು ಸುತ್ತು ಹೊಡೆದು ಬಂತು.

ಗಾಳಿ ತುಂಬಿದ ಟಯರ್ ಕಂಡುಹಿಡಿದವರು ಯಾರು ಅಂದ್ರೆ ಹೆಚ್ಚಿನವರು ಡನ್ಲಪ್ ಅಂತಾರೆ. ತಪ್ಪು. 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ ಸ್ಕಾಟ್ಲೆಂಡಿನ ಹುಡುಗ, ವಯಸ್ಸು 23, ಅದಕ್ಕೆ ಪೇಟೆಂಟ್ ತಗೊಂಡಿದ್ದ. ರಬ್ಬರ್ ಹಚ್ಚಿದ ಬಟ್ಟೆಯ ಟ್ಯೂಬ್, ಹೊರಗೆ ಚರ್ಮದ ಹೊದಿಕೆ. ಲಂಡನ್ನಿನ ಪಾರ್ಕಿನಲ್ಲಿ ಕುದುರೆಗಾಡಿಗೆ ಕಟ್ಟಿ ಓಡಿಸಿ ತೋರಿಸಿದ. ಸದ್ದಿಲ್ಲದೆ ಓಡಿತು, ಜನ ಬೆರಗಾದ್ರು, ಆಮೇಲೆ ಮರೆತರು. ಆಗ ಕಾರಿಲ್ಲ, ಈಗಿನಂಥ ಸೈಕಲ್ಲೂ ಇಲ್ಲ. ತೆಳ್ಳನೆಯ ಒಳ್ಳೆ ರಬ್ಬರ್ ಸಿಗೋದೂ ಕಷ್ಟ, ದುಬಾರಿ. ಕಾಲಕ್ಕಿಂತ ಮುಂಚೆ ಹುಟ್ಟಿದ ಐಡಿಯಾ.

ನಲವತ್ತು ಚಿಲ್ಲರೆ ವರ್ಷ ಆದಮೇಲೆ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್ಲಪ್ ಅನ್ನೋ ಪಶುವೈದ್ಯರು ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿದ್ರು. 1888ರಲ್ಲಿ ಪೇಟೆಂಟ್ ಸಿಕ್ತು. ಮರು ವರ್ಷ ಸೈಕಲ್ ರೇಸುಗಳಲ್ಲಿ ಈ ಟಯರ್ ಹಾಕ್ಕೊಂಡವನು ಗೆಲ್ಲೋಕೆ ಶುರು ಮಾಡಿದ, ವ್ಯಾಪಾರ ಹತ್ತಿಕೊಳ್ತು. ಆದರೆ ಎರಡು ವರ್ಷದೊಳಗೆ ಥಾಮ್ಸನ್ನನ ಹಳೇ ಪೇಟೆಂಟ್ ಹೊರಗೆ ಬಂದು, ಡನ್ಲಪ್ ಪೇಟೆಂಟ್ ಊರ್ಜಿತವಲ್ಲ ಅಂತಾಯ್ತು. ಕಂಪನಿ ಬೆಳೀತು, ಹೆಸರು ಉಳೀತು. ಡನ್ಲಪ್ ಅವರು ಮಾತ್ರ ತಮ್ಮ ಆವಿಷ್ಕಾರದಿಂದ ಭಾರಿ ಶ್ರೀಮಂತರಾಗಲಿಲ್ಲ. ರಬ್ಬರ್ ಜಗತ್ತಿಗೆ ಇದು ಹೊಸದಲ್ಲ ಬಿಡಿ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಚಳಿಗೆ ಒಡೆಯಲ್ಲ, ಬಿಸಿಲಿಗೆ ಅಂಟಾಗಲ್ಲ ಅಂತ ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಸಾಲದಲ್ಲೇ ಸತ್ತ. ಅವನ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ. ಅವನಿಗೂ ಅವನ ಮನೆಯವರಿಗೂ ಆ ಕಂಪನಿಗೂ ಏನೂ ಸಂಬಂಧ ಇಲ್ಲ.

ಡನ್ಲಪ್ ಟಯರಿನ ದೊಡ್ಡ ತೊಂದರೆ ಪಂಚರ್. ಟಯರನ್ನ ಚಕ್ರಕ್ಕೆ ಗೋಂದು ಹಾಕಿ ಅಂಟಿಸ್ತಿದ್ರು. ತೂತಾದ್ರೆ ಕಿತ್ತು ತೆಗೆದು, ತೇಪೆ ಹಾಕಿ, ಮತ್ತೆ ಅಂಟಿಸಿ, ರಾತ್ರಿಯೆಲ್ಲ ಒಣಗಿಸಬೇಕು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋ ಫೆರಾಂ ಊರಿನ ಒಂದು ರಬ್ಬರ್ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಇಂಥದ್ದೇ ಟಯರ್ ತಗೊಂಡು ಬಂದ. ರಿಪೇರಿಗೆ ಮೂರು ಗಂಟೆ ಹಿಡೀತು, ಒಣಗೋಕೆ ಒಂದು ರಾತ್ರಿ. ಮಾರನೇ ಬೆಳಿಗ್ಗೆ ಕಾರ್ಖಾನೆ ಯಜಮಾನ ಅದೇ ಸೈಕಲ್ ಹತ್ತಿ ಒಂದು ಸುತ್ತು ಹೋದ, ಸ್ವಲ್ಪ ದೂರಕ್ಕೇ ಮತ್ತೆ ಪಂಚರ್! ಆದರೂ ಆ ಮೆತ್ತನೆ ಸವಾರಿ ಅವನಿಗೆ ಹಿಡಿಸಿಬಿಡ್ತು. ಆ ಯಜಮಾನನ ಹೆಸರು ಎದುವಾರ್ ಮಿಶೆಲಿನ್. 1891ರಲ್ಲಿ ಅಣ್ಣ ಆಂದ್ರೆ ಜೊತೆ ಸೇರಿ, ಬಿಚ್ಚಿ ಹಾಕೋ ಟಯರಿಗೆ ಪೇಟೆಂಟ್ ಮಾಡಿಸಿದ. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರೋ ಸುಮಾರು 1200 ಕಿಲೋಮೀಟರ್ ಸೈಕಲ್ ರೇಸಲ್ಲಿ ಶಾರ್ಲ್ ತೆರೋಂ ಈ ಟಯರ್ ಹಾಕ್ಕೊಂಡು ಗೆದ್ದ. ಮರು ವರ್ಷದ ರೇಸಲ್ಲಿ, ಪಂಚರ್ ರಿಪೇರಿ ಎಷ್ಟು ಸುಲಭ ಅಂತ ತೋರಿಸೋಕೆ ಮಿಶೆಲಿನ್‌ನವರೇ ರಸ್ತೆ ಮೇಲೆ ಮೊಳೆ ಚೆಲ್ಲಿದ್ರು ಅಂತ ಕಥೆ ಇದೆ. ನಮ್ಮ ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ಮೊಳೆ ಚೆಲ್ಲೋರ ಬಗ್ಗೆ ಆಗಾಗ ಸುದ್ದಿ ಬರುತ್ತಲ್ಲ, ಆ ವಿದ್ಯೆಗೂ ಮೂಲಪುರುಷರು ಇದ್ದಾರೆ ನೋಡಿ.

1895ರಲ್ಲಿ ಅಣ್ಣತಮ್ಮಂದಿರು ಕಾರಿಗೂ ಗಾಳಿ ಟಯರ್ ಹಾಕಿ ಪ್ಯಾರಿಸ್-ಬೋರ್ದೋ-ಪ್ಯಾರಿಸ್ ರೇಸಿಗೆ ಇಳಿದ್ರು. ಕಾರಿನ ಹೆಸರು 'ಮಿಂಚು'. ದಾರಿಯುದ್ದಕ್ಕೂ ಪಂಚರ್. ತಂದಿದ್ದ 22 ಟ್ಯೂಬೂ ಖಾಲಿ ಆಯ್ತು ಅಂತಾರೆ. ಗೆಲ್ಲಲಿಲ್ಲ. ಗಾಳಿ ಮೇಲೆ ಕಾರು ಓಡಬಲ್ಲದು ಅನ್ನೋದು ಮಾತ್ರ ಜನಕ್ಕೆ ಗೊತ್ತಾಯ್ತು.

ಈಗ ಸ್ಟೆಪ್ನಿ ವಿಷಯ. ಆಗಿನ ಕಾರುಗಳಲ್ಲಿ ಚಕ್ರ ಬಿಚ್ಚಿ ಬೇರೆ ಚಕ್ರ ಹಾಕೋ ಅನುಕೂಲ ಇರಲಿಲ್ಲ. ಮರದ ಕಡ್ಡಿಗಳ ಚಕ್ರ, ಕಾರಿಗೇ ಖಾಯಂ. ಪಂಚರ್ ಆದ್ರೆ ರಸ್ತೆ ಬದಿಯಲ್ಲೇ ಟಯರ್ ಕಿತ್ತು, ಟ್ಯೂಬ್ ತೆಗೆದು, ತೇಪೆ ಹಾಕಿ, ಕೈಪಂಪಲ್ಲಿ ಗಾಳಿ ಹೊಡೀಬೇಕು. ಮಳೆ ಇರಲಿ, ಕತ್ತಲೆ ಇರಲಿ. ಕುದುರೆ ಲಾಳದ ಮೊಳೆಗಳು ಚೆಲ್ಲಾಡಿರೋ ರಸ್ತೆಗಳು ಬೇರೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಲನೆಲ್ಲಿ ಅಂತ ಒಂದು ಊರಿದೆ. ಹಾಗಂತ ನಾವು ಅಂತೀವಿ, ವೇಲ್ಸ್‌ನವರು ಅಂದಂತೆ ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ. ಅಲ್ಲಿ ಡೇವಿಸ್ ಅನ್ನೋ ಇಬ್ಬರು ಅಣ್ಣತಮ್ಮಂದಿರು 1904ರಲ್ಲಿ ಒಂದು ಉಪಾಯ ಮಾಡಿದ್ರು. ಕಡ್ಡಿಗಳೇ ಇಲ್ಲದ ಬರೀ ಒಂದು ರಿಮ್, ಅದರ ಮೇಲೆ ಗಾಳಿ ತುಂಬಿದ ಟಯರ್. ಪಂಚರ್ ಆದ ಚಕ್ರವನ್ನ ಬಿಚ್ಚೋದೇ ಬೇಡ. ಅದರ ಪಕ್ಕಕ್ಕೆ ಈ ರಿಮ್ಮನ್ನ ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ ಹೊರಟರಾಯ್ತು. ಆ ಊರಲ್ಲಿ ಅವರ ಕೆಲಸ ನಡೀತಿದ್ದ ಬೀದಿಯ ಹೆಸರು ಸ್ಟೆಪ್ನಿ ಬೀದಿ. ಮಾಲಿಗೂ ಅದೇ ಹೆಸರು: ಸ್ಟೆಪ್ನಿ ಸ್ಪೇರ್ ವೀಲ್.

ಕೆಲವೇ ವರ್ಷದಲ್ಲಿ ಅದು ಲಂಡನ್ನಿನ ಟ್ಯಾಕ್ಸಿಗಳಿಗೆ ಬಂತು, ಬ್ರಿಟಿಷರ ವ್ಯಾಪಾರ ಹೋದಲ್ಲೆಲ್ಲ ಹೋಯ್ತು. ಆಮೇಲೆ ಬಿಚ್ಚಿ ಹಾಕೋ ಚಕ್ರಗಳೇ ಬಂದಾಗ ಸ್ಟೆಪ್ನಿಯವರ ವ್ಯಾಪಾರ ಮುಗೀತು. ಬ್ರಿಟನ್ನಿನಲ್ಲಿ ಇವತ್ತು ಸ್ಟೆಪ್ನಿ ಅಂದ್ರೆ ಗ್ಯಾರೇಜಿನವನಿಗೂ ಅರ್ಥ ಆಗಲಿಕ್ಕಿಲ್ಲ. ಆದರೆ ನಮ್ಮಲ್ಲಿ, ಬೀದರಿನಿಂದ ಚಾಮರಾಜನಗರದವರೆಗೆ, ಕಾರು, ಜೀಪು, ಲಾರಿ, ಸ್ಕೂಟರ್, ಯಾವುದೇ ಇರಲಿ, ಅದು ಸ್ಟೆಪ್ನಿ. ಬ್ರೆಜಿಲ್‌ನಲ್ಲೂ ಸ್ಪೇರ್ ಟಯರಿಗೆ 'ಎಸ್ಟೆಪಿ' ಅಂತಾರೆ, ಅದೇ ಬೀದಿಯ ಹೆಸರು. ಒಂದು ಸಣ್ಣ ಊರಿನ ಬೀದಿಯ ಹೆಸರನ್ನ ನೂರಿಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿರೋದು ಲಾರಿ ಕ್ಲೀನರ್‌ಗಳು ಮತ್ತೆ ಪಂಚರ್ ಅಂಗಡಿಯವರು. ನನಗೆ ಇದು ಯಾವ ಶಾಸನಕ್ಕೂ ಕಡಿಮೆ ಅನ್ಸಲ್ಲ.

ಶಾಸನ ಅಂದ್ನಲ್ಲ, ಈಗ ಟಯರಿನ ಪಕ್ಕದ ಗೋಡೆಯನ್ನ ಶಾಸನದ ಥರ ಓದೋಣ. ನಮ್ಮ ಮಾವನ ಕಾರಿನ ಟಯರ್ ಮೇಲೆ ಇದ್ದಿದ್ದು: 185/65 ಆರ್ 15, ಪಕ್ಕದಲ್ಲಿ 88 ಎಚ್. ಎಲ್ಲಾ ಒಂದೇ ಕಾಲದ ಬರಹ ಅಲ್ಲ ಇದು. ಹಂಪಿ ಗೋಡೆ ಮೇಲೆ ಬೇರೆ ಬೇರೆ ಕಾಲದವರು ಕೆತ್ತಿದ ಹಾಗೆ.

185 ಅಂದ್ರೆ ಅಗಲ, ಮಿಲಿಮೀಟರಲ್ಲಿ. 65 ಅಂದ್ರೆ ಟಯರಿನ ಪಕ್ಕದ ಎತ್ತರ ಅಗಲದ ಶೇಕಡ 65 ಅಂತ, ಅಂದ್ರೆ ಸುಮಾರು 120 ಮಿಲಿಮೀಟರ್. ಕೊನೇ 15 ಮಾತ್ರ ಇಂಚು! ರಿಮ್ಮಿನ ವ್ಯಾಸ. ಒಂದೇ ಸಾಲಲ್ಲಿ ಫ್ರಾನ್ಸಿನ ಅಳತೆಯೂ ಇದೆ, ಇಂಗ್ಲೆಂಡಿನ ಅಳತೆಯೂ ಇದೆ. ಹಳೇ ಟಯರುಗಳಲ್ಲಿ ಎರಡೂ ಇಂಚೇ. ಅಂಬಾಸಿಡರ್‌ಗೆ 5.90-15, ಪ್ರೀಮಿಯರ್ ಪದ್ಮಿನಿಗೆ 5.20-14. ಅಲ್ಲಿ ಎತ್ತರದ ಲೆಕ್ಕವೇ ಇಲ್ಲ, ಯಾಕಂದ್ರೆ ಆ ಕಾಲದ ಟಯರ್ ಹೆಚ್ಚುಕಮ್ಮಿ ಅಗಲದಷ್ಟೇ ಎತ್ತರ ಇರ್ತಿತ್ತು. ಆಮೇಲೆ ಯುರೋಪಿನವರು ಅಗಲವನ್ನ ಮಿಲಿಮೀಟರಿಗೆ ತಂದ್ರು, ರಿಮ್ಮನ್ನ ಇಂಚಲ್ಲೇ ಬಿಟ್ಟರು. 1975ರಲ್ಲಿ ಮಿಶೆಲಿನ್‌ನವರು ರಿಮ್ಮನ್ನೂ ಮಿಲಿಮೀಟರಿಗೆ ತರೋಕೆ ಟಿಆರ್‌ಎಕ್ಸ್ ಅನ್ನೋ ಟಯರ್ ತಂದ್ರು. ಅದಕ್ಕೆ ಬೇರೆಯದೇ ರಿಮ್ ಬೇಕು, ಬೇರೆ ಯಾವ ಟಯರೂ ಅದಕ್ಕೆ ಕೂರಲ್ಲ. ಕೊಂಡವರು ಒದ್ದಾಡಿದ್ರು, ಇಂಚೇ ಗೆದ್ದಿತು.

ಮಧ್ಯದ 'ಆರ್' ಅಂದ್ರೆ ರೇಡಿಯಲ್. ಇದೊಂದು ಅಕ್ಷರದ ಹಿಂದೆ ದೊಡ್ಡ ಕಥೆ ಇದೆ. ಟಯರ್ ಅಂದ್ರೆ ಬರೀ ರಬ್ಬರ್ ಅಲ್ಲ, ಒಳಗೆ ದಾರಗಳ ಪದರ ಇರುತ್ತೆ. ಹಳೇ ಟಯರಲ್ಲಿ ಆ ದಾರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡ ಹಾಯ್ತಿದ್ದವು. ಚಕ್ರ ಉರುಳುವಾಗ ಪದರಕ್ಕೆ ಪದರ ತಿಕ್ಕಿ ಬಿಸಿ ಆಗೋದು. ಮಿಶೆಲಿನ್‌ನಲ್ಲಿ ಮಾರಿಯಸ್ ಮಿನ್ಯೋಲ್ ಅನ್ನೋರು ಇದ್ರು, ಕೆಲಸಕ್ಕೆ ಸೇರಿದ್ದು ಅಲ್ಲಿನ ಪ್ರಿಂಟಿಂಗ್ ವಿಭಾಗಕ್ಕೆ. ಬಿಸಿ ಎಲ್ಲಿಂದ ಹುಟ್ಟುತ್ತೆ ಅಂತ ನೋಡೋಕೆ ಅವರು ಪಕ್ಕದ ಗೋಡೆ ತೆಗೆದು, ಬರೀ ತಂತಿಗಳನ್ನ ನೇರವಾಗಿ ಬಿಗಿದ ಒಂದು ಟಯರ್ ಮಾಡಿದ್ರು. ನೋಡೋಕೆ ನೊಣದ ಪಂಜರದ ಥರ. ದಾರಗಳನ್ನ ನೇರವಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಕಿ, ಮೇಲೆ ಉಕ್ಕಿನ ತಂತಿಯ ಪಟ್ಟಿ ಸುತ್ತಿದ್ರೆ ಬಿಸಿ ಕಡಿಮೆ, ಬಾಳಿಕೆ ಜಾಸ್ತಿ, ರಸ್ತೆ ಹಿಡಿತ ಜಾಸ್ತಿ. 1946ರಲ್ಲಿ ಪೇಟೆಂಟ್, 1949ರಲ್ಲಿ ಮಾರುಕಟ್ಟೆಗೆ. ನಮ್ಮ ದೇಶದಲ್ಲಿ ಕಾರುಗಳು ಬೇಗ ರೇಡಿಯಲ್ ಆದವು. ಲಾರಿಗಳು ಬಹಳ ತಡ, ಯಾಕಂದ್ರೆ ಓವರ್‌ಲೋಡು, ಕೆಟ್ಟ ರಸ್ತೆ. ಆ ಬದಲಾವಣೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. ಅಲ್ಲಿನ ವಿಕ್ರಾಂತ್ ಟಯರ್ಸ್ ಕಾರ್ಖಾನೆ 1997ರಲ್ಲಿ ಜೆಕೆ ಟಯರ್ ಕೈಗೆ ಹೋಗಿ, ಲಾರಿ-ಬಸ್ಸಿನ ರೇಡಿಯಲ್ ಮಾಡೋ ಜಾಗ ಆಯ್ತು.

88 ಅನ್ನೋದು ಭಾರದ ಅಂಕಿ. 88 ಕೆಜಿ ಅಲ್ಲ, ಒಂದು ಪಟ್ಟಿಯಲ್ಲಿನ ಸಂಖ್ಯೆ ಅದು. 88 ಅಂದ್ರೆ ಒಂದು ಟಯರ್ 560 ಕೆಜಿ ಹೊರಬಲ್ಲದು, 91 ಅಂದ್ರೆ 615. 'ಎಚ್' ಅಂದ್ರೆ ವೇಗದ ಮಿತಿ, ಗಂಟೆಗೆ 210 ಕಿಲೋಮೀಟರ್. ಇಲ್ಲಿ ಒಂದು ತಮಾಷೆ ಇದೆ. ಎಸ್ 180, ಟಿ 190, ಯು 200, ಆಮೇಲೆ ಎಚ್ 210, ಆಮೇಲೆ ವಿ 240. ಅಕ್ಷರಮಾಲೆಯಲ್ಲಿ ಎಚ್ ಹೇಗೆ ಯು ಆದಮೇಲೆ ಬಂತು? ಮೊದಲಿಗೆ ಯುರೋಪಲ್ಲಿ ಇದ್ದಿದ್ದೇ ಮೂರು ದರ್ಜೆ: ಎಸ್, ಎಚ್, ವಿ. ಆಮೇಲೆ ಉಳಿದ ಅಕ್ಷರಗಳನ್ನ ಸೇರಿಸಿದಾಗ, ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿದ್ದ ಎಚ್ಚನ್ನ ಯಾರೂ ಮುಟ್ಟಲಿಲ್ಲ. ಮನೆಗೆ ಮೊದಲು ಬಂದ ಬಾಡಿಗೆದಾರನ ಹಾಗೆ ಅಲ್ಲೇ ಕೂತಿದೆ.

ಇನ್ನು ಆ ನಾಲ್ಕು ಅಂಕಿ. ಲಾರಿ ಡ್ರೈವರ್ ತೋರಿಸಿದ್ದು. 1113 ಅಂದ್ರೆ 2013ರ 11ನೇ ವಾರ ತಯಾರಾದ ಟಯರ್. ಇದು ಅಮೆರಿಕದ ಸಾರಿಗೆ ಇಲಾಖೆಯ ಗುರುತಿನ ಕೊನೇ ಭಾಗ, ಅದಕ್ಕೇ ಅದರ ಹಿಂದೆ 'ಡಾಟ್' ಅಂತ ಮೂರು ಅಕ್ಷರ ಇರುತ್ತೆ. 2000ಕ್ಕೆ ಮುಂಚೆ ಮೂರೇ ಅಂಕಿ ಇದ್ದವು. 408 ಅಂತಿದ್ರೆ 40ನೇ ವಾರ ಸರಿ, ಆದರೆ 1988ರದ್ದೋ 1998ರದ್ದೋ? 90ರ ದಶಕದ ಟಯರುಗಳಿಗೆ ಪಕ್ಕದಲ್ಲಿ ಒಂದು ತ್ರಿಕೋನ ಹಾಕಿ ಹೇಗೋ ಸಂಭಾಳಿಸಿದ್ರು.

ಅದೇ 2000ದಲ್ಲಿ ಈ ಸಣ್ಣ ಬರಹಕ್ಕೆ ಎಷ್ಟು ಬೆಲೆ ಅಂತ ಅಮೆರಿಕಕ್ಕೆ ಗೊತ್ತಾಯ್ತು. ಫೋರ್ಡ್ ಎಕ್ಸ್‌ಪ್ಲೋರರ್ ಅನ್ನೋ ಎತ್ತರದ ಗಾಡಿ, ಅದಕ್ಕೆ ಫೈರ್‌ಸ್ಟೋನ್ ಟಯರ್. ಹೈವೇ ಮೇಲೆ ವೇಗವಾಗಿ ಹೋಗ್ತಿರುವಾಗ ಟಯರಿನ ಮೇಲಿನ ಪದರ, ಅಂದ್ರೆ ರಸ್ತೆ ಮುಟ್ಟೋ ಭಾಗ, ಉಕ್ಕಿನ ಪಟ್ಟಿಯಿಂದ ಕಳಚಿ ಬರ್ತಿತ್ತು. ಗಾಡಿ ಪಲ್ಟಿ. ಹೆಚ್ಚಿನವು ಆಗಿದ್ದು ಬಿಸಿಲು ಜಾಸ್ತಿ ಇರೋ ದಕ್ಷಿಣದ ರಾಜ್ಯಗಳಲ್ಲಿ. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟಯರ್ ವಾಪಸ್ ಕರೆದರು. ಅಮೆರಿಕದಲ್ಲೇ 250ಕ್ಕೂ ಹೆಚ್ಚು ಸಾವುಗಳನ್ನ ಈ ಟಯರುಗಳ ಜೊತೆ ತಳಕು ಹಾಕಲಾಯ್ತು.

ತಪ್ಪು ಯಾರದ್ದು? ಟಯರಿನದ್ದು ಅಂತ ಫೋರ್ಡ್, ಗಾಡಿಯದ್ದು ಅಂತ ಫೈರ್‌ಸ್ಟೋನ್. ಫೋರ್ಡ್ ಹೇಳಿದ್ದ ಗಾಳಿಯ ಒತ್ತಡ 26 ಪಿಎಸ್‌ಐ. ಆಮೇಲೆ ಫೈರ್‌ಸ್ಟೋನ್‌ನವರು 30 ಇರಬೇಕು ಅಂದ್ರು. ಹೆನ್ರಿ ಫೋರ್ಡ್ ಮತ್ತು ಹಾರ್ವೇ ಫೈರ್‌ಸ್ಟೋನ್ ಜೀವದ ಗೆಳೆಯರು. ಫೋರ್ಡ್ ಮೊಮ್ಮಗ ಫೈರ್‌ಸ್ಟೋನ್ ಮೊಮ್ಮಗಳನ್ನೇ ಮದುವೆಯಾಗಿದ್ದ. ಹತ್ತಿರ ಹತ್ತಿರ ನೂರು ವರ್ಷದ ಬೀಗರ ವ್ಯವಹಾರ 2001ರಲ್ಲಿ ಮುರಿದುಬಿತ್ತು. ಅದು ಅವರ ಮನೆ ವಿಷಯ. ನನಗೆ ಮುಖ್ಯ ಅನ್ನಿಸೋದು ಬೇರೆ. ವಾಪಸ್ ಕರೆದಾಗ ಜನ ತಮ್ಮ ಟಯರ್ ಆ ಪಟ್ಟಿಯಲ್ಲಿದೆಯಾ ಅಂತ ನೋಡೋಕೆ ಹೋದ್ರೆ, ಪೂರ್ತಿ ನಂಬರ್ ಇದ್ದಿದ್ದು ಎಷ್ಟೋ ಗಾಡಿಗಳಲ್ಲಿ ಟಯರಿನ ಒಳಮೈ ಕಡೆ! ಗಾಡಿ ಅಡಿಗೆ ತೂರಿ ಮಲಗಿ ಓದಬೇಕು. ಮಕ್ಕಳನ್ನ ಅದೇ ಗಾಡೀಲಿ ಸ್ಕೂಲಿಗೆ ಬಿಡ್ತಿದ್ದ ತಾಯಿ, ಅದರ ಅಡಿಯಲ್ಲಿ ಟಾರ್ಚ್ ಹಿಡಿದು ಮಲಗಿರೋದನ್ನ ಊಹಿಸಿಕೊಳ್ಳಿ. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂತು. ಅದರ ಫಲವಾಗಿ ಎರಡೂ ಕಡೆ ಗುರುತು ಇರೋ ಹಾಗಾಯ್ತು, ಪೂರ್ತಿ ನಂಬರ್ ಹೊರಗಡೆ ಕಾಣಬೇಕು ಅನ್ನೋ ನಿಯಮ ಬಂತು. ಇವತ್ತು ಕಾರಿನ ಡ್ಯಾಶ್‌ಬೋರ್ಡಲ್ಲಿ ಗಾಳಿ ಕಡಿಮೆಯಾದ್ರೆ ಹಳದಿ ದೀಪ ಹತ್ತುತ್ತಲ್ಲ, ಟಿಪಿಎಂಎಸ್, ಅಮೆರಿಕದಲ್ಲಿ ಅದು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಆಗಿದ್ದೂ ಅದೇ ಕಾನೂನಿನಿಂದ.

ಗಾಳಿ ಕಡಿಮೆ ಇದ್ರೆ ಏನಾಗುತ್ತೆ ಅನ್ನೋದು ಸರಳ. ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತೆ. ತಂತಿಯನ್ನ ಹಿಂದಕ್ಕೂ ಮುಂದಕ್ಕೂ ಬಗ್ಗಿಸ್ತಾ ಇದ್ರೆ ಬಿಸಿಯಾಗುತ್ತಲ್ಲ, ಹಾಗೆ. ಅದರ ಮೇಲೆ ಡಿಕ್ಕಿ ತುಂಬ ಲಗೇಜು, ಮೇ ತಿಂಗಳ ಬಿಸಿಲು, ಗಂಟೆಗೆ ನೂರು ಕಿಲೋಮೀಟರ್. ಟಯರ್ ಹಳೇದಾದ್ರೆ ರಬ್ಬರಿನ ಅಂಟು ಮೊದಲೇ ಕಡಿಮೆ. ಹಳ್ಳಿ ರಸ್ತೆಯಲ್ಲಿ ನಲವತ್ತರಲ್ಲಿ ಹೋಗುವಾಗ ಏನೂ ಮಾಡದ ಟಯರ್, ಎಕ್ಸ್‌ಪ್ರೆಸ್‌ವೇ ಮೇಲೆ ಅರ್ಧ ಗಂಟೆ ಓಡಿದ ಮೇಲೆ ಸಿಡಿಯೋದು ಇದಕ್ಕೇ. ನಾಗಪುರ ಕಡೆಯ ಸಮೃದ್ಧಿ ಎಕ್ಸ್‌ಪ್ರೆಸ್‌ವೇನಲ್ಲಿ 2023ರಲ್ಲಿ ಸವೆದ ಟಯರಿನ ಗಾಡಿಗಳನ್ನ ಒಳಗೇ ಬಿಡದೆ ವಾಪಸ್ ಕಳಿಸೋಕೆ ಶುರು ಮಾಡಿದ್ರು. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ವೇಗ ನೋಡುತ್ತೆ, ಟಯರ್ ನೋಡಲ್ಲ.

ಸವೆತ ನೋಡೋಕೆ ಟಯರಲ್ಲೇ ಗುರುತಿದೆ. ಪಕ್ಕದಲ್ಲಿ 'ಟಿಡಬ್ಲ್ಯುಐ' ಅಂತಲೋ, ಸಣ್ಣ ತ್ರಿಕೋನವೋ ಇರುತ್ತೆ. ಅದರ ನೇರಕ್ಕೆ ಮೇಲೆ ಗೀರುಗಳ ಒಳಗೆ ನೋಡಿದ್ರೆ ಸಣ್ಣ ರಬ್ಬರ್ ಮೆಟ್ಟಿಲು. ಅದರ ಎತ್ತರ 1.6 ಮಿಲಿಮೀಟರ್. ಟಯರ್ ಅದರ ಮಟ್ಟಕ್ಕೆ ಬಂತು ಅಂದ್ರೆ ನಮ್ಮ ಕಾನೂನಿನ ಪ್ರಕಾರವೂ ಅದರ ಕಥೆ ಮುಗೀತು. ಇನ್ನು ಐಎಸ್‌ಐ ಗುರುತು, ಅದರ ಜೊತೆ 15633 ಅನ್ನೋ ಸಂಖ್ಯೆ. ಅದು ಕಾರು ಟಯರಿಗೆ ಭಾರತದ ಮಾನಕ. ದೊಡ್ಡದಾಗಿ ಬರೆದಿರೋ 'ಮ್ಯಾಕ್ಸ್ ಪ್ರೆಶರ್' ನೋಡಿ ಅಷ್ಟು ಗಾಳಿ ಹೊಡೆಸೋರು ಇದ್ದಾರೆ, ನಮ್ಮ ಮಾವನೂ ಒಬ್ಬರು. ಅದು ಟಯರ್ ತಡೆಯೋ ಗರಿಷ್ಠ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಅಂಟಿಸಿರೋ ಸ್ಟಿಕ್ಕರಲ್ಲಿ ಇರುತ್ತೆ. ಬೆಳಿಗ್ಗೆ, ಟಯರ್ ತಣ್ಣಗಿರುವಾಗ ಹೊಡೆಸಬೇಕು.

ಕೊನೆಗೆ ಒಂದು ಸುದ್ದಿ, ಹಳೇದೇ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟಯರ್, ಟಿಪಿಎಂಎಸ್, ಪಂಚರ್ ರಿಪೇರಿ ಕಿಟ್, ಈ ಮೂರೂ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಗೆ ಜಾಗ ಬೇಕು, ತೂಕ ಕಡಿಮೆಯಾದ್ರೆ ಮೈಲೇಜು ಅನ್ನೋದು ಲೆಕ್ಕ. ನನ್ನ ಅಭಿಪ್ರಾಯ ಕೇಳಿದ್ರೆ, ಮೊಳೆ ಚುಚ್ಚಿದ್ರೆ ಕಿಟ್ ಸಾಕು. ಗುಂಡಿಗೆ ಬಿದ್ದು ಪಕ್ಕದ ಗೋಡೆ ಹರಿದ್ರೆ ಯಾವ ಕಿಟ್ಟೂ ಕೆಲಸಕ್ಕೆ ಬರಲ್ಲ. ನಮ್ಮ ರಸ್ತೆಗಳಲ್ಲಿ ಯಾವುದು ಜಾಸ್ತಿ ಅಂತ ನಿಮಗೇ ಗೊತ್ತು.

ಹೋದ ವರ್ಷ ಮಾವ ಹೊಸ ಕಾರು ತಗೊಂಡ್ರು. ಶೋರೂಮಲ್ಲಿ ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿ, "ಏನಪ್ಪಾ, ಸ್ಟೆಪ್ನಿ ಎಲ್ಲಿ?" ಅಂದ್ರು. ಆ ಹುಡುಗ ಒಂದು ಸಣ್ಣ ಕಂಪ್ರೆಸರ್, ಒಂದು ಬಾಟಲ್ ತೋರಿಸಿದ. ಮಾವ ಮರುದಿನವೇ ಬೇರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಒಂದು ಸ್ಟೆಪ್ನಿ ತಂದು ಡಿಕ್ಕಿಗೆ ಹಾಕಿದ್ರು. ಅಂಗಡಿಯಿಂದಲೇ ನನಗೆ ಫೋನ್.

"ಲೋ, 0924 ಅಂತಿದೆ. ಇಪ್ಪತ್ನಾಲ್ಕರ ಒಂಬತ್ತನೇ ವಾರ. ಸರಿ ತಾನೆ?"

"ಸರಿ ಮಾವ. ಗಾಳಿ ಎಷ್ಟಿದೆ ನೋಡಿದ್ರಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ತಡಿ, ಗೇಜ್ ಕೇಳ್ತೀನಿ" ಅಂತ ಫೋನ್ ಇಟ್ರು.